ಎರಡು ಕೈಗಡಿಯಾರಗಳು

ಕಾಲವು ಎಲ್ಲೆಡೆಯಲ್ಲಿಯೂ ಒಂದೇ ವೇಗದಲ್ಲಿ ಸಾಗುತ್ತದೆಂದು ನಾವು ಸಹಜವಾಗಿ ನಂಬಿರುತ್ತೇವೆ. ತಂದೆಗೆ ಒಂದು ವರ್ಷ ಕಳೆದರೆ ಮಗಳಿಗೂ ಒಂದೇ ವರ್ಷ ಕಳೆಯಬೇಕಲ್ಲವೆ? ಆದರೆ ವಿಜ್ಞಾನವು ಈ ನಂಬಿಕೆಯನ್ನು ಒಪ್ಪುವುದಿಲ್ಲ. ವೇಗಕ್ಕೂ ಗುರುತ್ವಕ್ಕೂ ಅನುಗುಣವಾಗಿ ಕಾಲದ ನಡಿಗೆ ಬದಲಾಗುತ್ತದೆಂಬುದನ್ನು ಐನ್‌ಸ್ಟೈನರು 1905 ಮತ್ತು 1915ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತಗಳು ತಿಳಿಸುತ್ತವೆ. ಈ ಸತ್ಯವನ್ನು ಒಂದು ಕುಟುಂಬದ ಅಗಲಿಕೆಯ ಕಥೆಯಾಗಿ ನಿರೂಪಿಸಿದ ಚಲನಚಿತ್ರ ‘ಇಂಟರ್‌ಸ್ಟೆಲ್ಲರ್’. ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ಈ ಇಂಗ್ಲಿಷ್ ಚಿತ್ರವು 2014ರಲ್ಲಿ ತೆರೆಕಂಡಿತು.

ಕಥೆ ನಡೆಯುವುದು ಮುಂದೆಂದೋ ಬರಲಿರುವ ಕಾಲದಲ್ಲಿ. ಬೆಳೆಗಳು ಒಂದೊಂದಾಗಿ ರೋಗಕ್ಕೆ ತುತ್ತಾಗಿವೆ. ಧೂಳಿನ ಬಿರುಗಾಳಿಗೆ ಭೂಮಿ ಬರಡಾಗುತ್ತಿದೆ. ಅಮೆರಿಕದಲ್ಲಿ ಮೆಕ್ಕೆಜೋಳ ಬೆಳೆಯುತ್ತಿರುವ ಕೂಪರನು ಹಿಂದೊಮ್ಮೆ ವಿಮಾನ ಚಾಲಕನಾಗಿದ್ದವನು. ಪತ್ನಿಯನ್ನು ಕಳೆದುಕೊಂಡ ಅವನಿಗೆ ಟಾಮ್ ಎಂಬ ಮಗನೂ ಮರ್ಫ್ ಎಂಬ ಮಗಳೂ ಇದ್ದಾರೆ. ಮಾನವಕುಲಕ್ಕೆ ಹೊಸ ನೆಲೆಯನ್ನು ಹುಡುಕಲು ಅನ್ಯಗ್ರಹಗಳಿಗೆ ತೆರಳುವ ಹೊಣೆ ಅವನ ಮೇಲೆ ಬೀಳುತ್ತದೆ. ಹೋಗಬೇಡವೆಂದು ಮರ್ಫ್ ಹಟ ಹಿಡಿಯುತ್ತಾಳೆ. ಆಗ ತಂದೆ ತನ್ನ ಬಳಿಯಿದ್ದ ಎರಡು ಕೈಗಡಿಯಾರಗಳಲ್ಲಿ ಒಂದನ್ನು ಅವಳಿಗೆ ಕೊಟ್ಟು, ತಾನು ಮರಳಿದಾಗ ಎರಡನ್ನೂ ಹೋಲಿಸಿ ನೋಡೋಣವೆನ್ನುತ್ತಾನೆ. ಅಷ್ಟರಲ್ಲಿ ತಾವಿಬ್ಬರೂ ಒಂದೇ ವಯಸ್ಸಿನವರಾಗಿರಬಹುದೆಂದೂ ಹೇಳುತ್ತಾನೆ. ಸಮಾಧಾನಕ್ಕೆಂದು ಆಡಿದ ಆ ಮಾತೇ ಮಗಳ ಎದೆಯನ್ನು ಇರಿಯುತ್ತದೆ. ಅವಳು ಗಡಿಯಾರವನ್ನು ಎಸೆದುಬಿಡುತ್ತಾಳೆ.

ನೌಕೆಯು ಶನಿಗ್ರಹದ ಬಳಿಯಿರುವ ಒಂದು ಸುರಂಗವನ್ನು ಹಾದು ಬೇರೊಂದು ನಕ್ಷತ್ರಲೋಕವನ್ನು ಸೇರುತ್ತದೆ. ಅಲ್ಲಿ ಹತ್ತು ಕೋಟಿ ಸೂರ್ಯರಷ್ಟು ಭಾರವುಳ್ಳ ಕಪ್ಪುಕುಳಿಯಿದೆ. ಬೆಳಕು ಕೂಡ ಹೊರಬರಲಾರದಷ್ಟು ಪ್ರಬಲವಾದ ಗುರುತ್ವವುಳ್ಳ ಆಕಾಶಕಾಯವೇ ಕಪ್ಪುಕುಳಿ. ಅದರ ಸಮೀಪದ ಗ್ರಹವೊಂದರಲ್ಲಿ ಕಳೆಯುವ ಒಂದು ಗಂಟೆಯು ಭೂಮಿಯ ಏಳು ವರ್ಷಗಳಿಗೆ ಸಮ. ಪರ್ವತದೆತ್ತರದ ಅಲೆಗೆ ಸಿಲುಕಿ ಕೂಪರನು ಅಲ್ಲಿ ಕೆಲವು ಗಂಟೆಗಳ ಕಾಲ ನಿಲ್ಲಬೇಕಾಗುತ್ತದೆ. ಹಿಂದಿರುಗುವಷ್ಟರಲ್ಲಿ ಭೂಮಿಯಲ್ಲಿ 23 ವರ್ಷಗಳು ಕಳೆದಿವೆ. ಮನೆಯಿಂದ ಬಂದ ಸಂದೇಶಗಳನ್ನು ಅವನು ಒಂದರ ಮೇಲೊಂದರಂತೆ ನೋಡುತ್ತಾನೆ. ಮಗ ಬೆಳೆದಿದ್ದಾನೆ, ಮದುವೆಯಾಗಿದ್ದಾನೆ, ಅಜ್ಜ ತೀರಿಕೊಂಡಿದ್ದಾನೆ. ಕೊನೆಗೆ, ಅದುವರೆಗೆ ಒಂದು ಮಾತನ್ನೂ ಕಳುಹಿಸದಿದ್ದ ಮರ್ಫ್ ಕಾಣಿಸಿಕೊಳ್ಳುತ್ತಾಳೆ. ತಂದೆ ಮನೆ ಬಿಟ್ಟಾಗ ಅವನಿಗಿದ್ದ ವಯಸ್ಸು ಅಂದು ತನ್ನದಾಗಿದೆಯೆಂದು ತಿಳಿಸುತ್ತಾಳೆ.

ಎರಡು ಗಡಿಯಾರಗಳನ್ನು ಹೋಲಿಸುವುದು ಕಥೆಯಲ್ಲಿ ಮಾತ್ರ ಬರುವ ಮಾತಲ್ಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿರಿಸಿ ಭೂಮಿಯನ್ನು ಸುತ್ತಿ ಬಂದರು. ನೆಲದ ಮೇಲಿದ್ದ ಗಡಿಯಾರಗಳಿಗೂ ಅವುಗಳಿಗೂ ಸೆಕೆಂಡಿನ ಅತಿ ಸೂಕ್ಷ್ಮ ಭಾಗದಷ್ಟು ವ್ಯತ್ಯಾಸ ಕಂಡುಬಂದಿತು. ಮೊಬೈಲಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಭೂಮಿಯ ಗಡಿಯಾರಗಳಿಗಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 38 ಭಾಗದಷ್ಟು ಮುಂದೆ ಓಡುತ್ತವೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹಲವು ಕಿಲೋಮೀಟರುಗಳಷ್ಟು ದಾರಿ ತಪ್ಪುವುದು.

ಚಿತ್ರಕ್ಕೆ ವೈಜ್ಞಾನಿಕ ಸಲಹೆ ನೀಡಿದವರು ಕಿಪ್ ಥಾರ್ನ್. ಗುರುತ್ವದ ಅಲೆಗಳ ಪತ್ತೆಗಾಗಿ 2017ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದ ಮೂವರಲ್ಲಿ ಇವರೂ ಒಬ್ಬರು. ಗಂಟೆಗೆ ಏಳು ವರ್ಷವೆಂಬುದು ಅಸಾಧ್ಯವೆಂದೇ ಇವರು ಮೊದಲು ಭಾವಿಸಿದ್ದರು. ನಿರ್ದೇಶಕರು ಪಟ್ಟು ಬಿಡಲಿಲ್ಲ. ಲೆಕ್ಕ ಹಾಕಿದಾಗ, ಕಪ್ಪುಕುಳಿಯು ಗರಿಷ್ಠ ವೇಗಕ್ಕೆ ತೀರ ಸಮೀಪವಾಗಿ ತಿರುಗುತ್ತಿದ್ದರೆ ಅದು ಸಾಧ್ಯವೆಂದು ತಿಳಿಯಿತು. ಆದರೆ ಚಿತ್ರದಲ್ಲಿರುವುದೆಲ್ಲವೂ ಸಿದ್ಧವಾದ ಸತ್ಯವಲ್ಲ. ಬಾಹ್ಯಾಕಾಶದ ಸುರಂಗವನ್ನು ಯಾರೂ ಕಂಡಿಲ್ಲ. ಕಪ್ಪುಕುಳಿಯೊಳಗೆ ಬಿದ್ದ ಕೂಪರನು ಮಗಳ ಗಡಿಯಾರದ ಸೆಕೆಂಡ್ ಮುಳ್ಳನ್ನು ಮಿಡಿಸಿ ಅವಳಿಗೆ ಸಂಕೇತ ಕಳುಹಿಸುವುದು ಕಲ್ಪನೆ. ಅವಳು ಅಂದು ಎಸೆದ ಆ ಗಡಿಯಾರವೇ ಮಾನವಕುಲವನ್ನು ಉಳಿಸುವ ಸೂತ್ರವನ್ನು ತಲುಪಿಸುತ್ತದೆ.

ಇಂಥ ಕಲ್ಪನೆ ನಮಗೆ ಅಪರಿಚಿತವಲ್ಲ. ಭಾಗವತದಲ್ಲಿ ಕಕುದ್ಮಿ ರಾಜನು ಮಗಳು ರೇವತಿಯೊಡನೆ ಬ್ರಹ್ಮಲೋಕಕ್ಕೆ ಹೋಗಿ ಗಾನ ಮುಗಿಯುವವರೆಗೆ ಕಾದಿದ್ದಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿರುತ್ತವೆ. ಅಲ್ಲಿ ಮಗಳು ತಂದೆಯ ಜೊತೆಯಲ್ಲಿಯೇ ಇದ್ದಳು. ಕಾಲವು ಅವರನ್ನು ಲೋಕದಿಂದ ಅಗಲಿಸಿತೇ ಹೊರತು ಒಬ್ಬರಿಂದೊಬ್ಬರನ್ನು ಅಗಲಿಸಲಿಲ್ಲ. ಕೂಪರನಾದರೋ ಮಗಳನ್ನು ಬಿಟ್ಟು ಹೋದವನು.

ಅವನು ಕೊಟ್ಟ ಮಾತಿನಂತೆ ಮರಳುತ್ತಾನೆ. ಆದರೆ ಹಾಸಿಗೆಯಲ್ಲಿರುವ ಮರ್ಫ್ ಹಣ್ಣು ಹಣ್ಣು ಮುದುಕಿ. ಸುತ್ತಲೂ ಅವಳ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಒಬ್ಬರ ಪರಿಚಯವೂ ಕೂಪರನಿಗಿಲ್ಲ. ಮಕ್ಕಳ ಸಾವನ್ನು ತಂದೆ ತಾಯಿಯರು ಕಾಣಬಾರದೆಂದು ಹೇಳಿ ಅವಳೇ ಅವನನ್ನು ಬೀಳ್ಕೊಡುತ್ತಾಳೆ. ವೇಗದಿಂದಲೂ ಗುರುತ್ವದಿಂದಲೂ ಕಾಲದ ನಡಿಗೆಯನ್ನು ನಿಧಾನಗೊಳಿಸಬಹುದು. ಜೊತೆಯಲ್ಲಿರದೆ ಕಳೆದ ಒಂದು ದಿನವನ್ನಾದರೂ ಮರಳಿ ತರುವ ವಿದ್ಯೆ ಯಾರಿಗೂ ತಿಳಿದಿಲ್ಲ.