ಸಿರಿಧಾನ್ಯದ ಪೊಟ್ಟಣ, ಮಾತ್ರೆಯ ಡಬ್ಬಿ

ಶಾಮನೂರಿನಲ್ಲಿ ನವಣೆ, ಸಾಮೆ, ರಾಗಿಗಳನ್ನು ಮನೆಯಲ್ಲಿಯೇ ಹಸನುಗೊಳಿಸಿ, ಹುರಿದು, ಬೀಸಿ, ಪೊಟ್ಟಣ ಕಟ್ಟಿ ಮಾರುವ ತಾಯಂದಿರನ್ನು ಕಂಡಾಗ ನಮಗೆ ಸಂತೋಷವೇ ಆಗುತ್ತದೆ. ಕಿರು ಆಹಾರ ಸಂಸ್ಕರಣೆಗೆಂದು ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ದಾವಣಗೆರೆ ಜಿಲ್ಲೆಗೆ ಆಯ್ದುಕೊಂಡದ್ದೂ ಸಿರಿಧಾನ್ಯವನ್ನೇ.

ಆದರೆ ಕೆಲವು ಪೊಟ್ಟಣಗಳ ಮೇಲಿನ ಒಂದು ಸಾಲು ನಮ್ಮನ್ನು ಕಳವಳಗೊಳಿಸುತ್ತದೆ: ‘ಸಕ್ಕರೆ ಕಾಯಿಲೆಗೆ ರಾಮಬಾಣ’. ನಮ್ಮ ಪರಿಚಯದ ಹಿರಿಯರೊಬ್ಬರು ಇದನ್ನು ನಂಬಿ, ಮಾತ್ರೆಯನ್ನು ಬದಿಗಿಟ್ಟು, ಎರಡು ಹೊತ್ತೂ ಹಿಟ್ಟಿನ ಗಂಜಿಯನ್ನೇ ಸೇವಿಸಿದರು. ಮೂರನೆಯ ತಿಂಗಳಲ್ಲಿ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಬೇಕಾಯಿತು.

ತಪ್ಪು ಧಾನ್ಯದ್ದಲ್ಲ. 100 ಗ್ರಾಂ ನವಣೆಯಲ್ಲಿಯೂ ಸುಮಾರು 60 ಗ್ರಾಂ ಪಿಷ್ಟವಿರುತ್ತದೆ. ನಾರಿನಂಶ ಹೆಚ್ಚಿರುವುದರಿಂದ ಬಿಳಿ ಅಕ್ಕಿಯ ಅನ್ನಕ್ಕಿಂತ ಮೆಲ್ಲಗೆ ಜೀರ್ಣವಾಗುತ್ತದೆ, ಅಷ್ಟೆ. ನುಣ್ಣಗೆ ಬೀಸಿ ಗಂಜಿ ಕಾಯಿಸಿದರೆ ಆ ಗುಣವೂ ಕುಗ್ಗುತ್ತದೆ. ಇಡಿಯ ಕಾಳಿನ ಅನ್ನವೇ ಲೇಸು. ಬೆಲ್ಲ ಬೆರೆಸಿದ ಹಿಟ್ಟಾದರಂತೂ ಹೇಳುವುದೇ ಬೇಡ.

ಆಹಾರ ಪದಾರ್ಥವು ರೋಗವನ್ನು ಗುಣಪಡಿಸುತ್ತದೆಂದು ಸಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಾವಳಿಯು ನಿಷೇಧಿಸಿದೆ. ಮಾರುವ ತಾಯಂದಿರೇನೂ ಮೋಸಗಾರರಲ್ಲ. ಪೇಟೆಯ ಜಾಹೀರಾತುಗಳ ಧಾಟಿಯನ್ನು ನೋಡಿ ಬರೆಸಿರುತ್ತಾರೆ. ಕೊಳ್ಳುವ ಭಕ್ತರು ಆ ಸಾಲಿಗೆ ಮರುಳಾಗದೆ 14 ಅಂಕಿಗಳ ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ, ಪದಾರ್ಥಗಳ ಪಟ್ಟಿ ಇವೆಯೇ ಎಂದು ನೋಡಬೇಕು. ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು.

ಆ ಹಿರಿಯರು ಈಗ ಮಾತ್ರೆಯನ್ನೂ ನುಂಗುತ್ತಾರೆ, ಅದೇ ತಾಯಿಯಿಂದ ಕೊಂಡ ನವಣೆಯ ಅನ್ನವನ್ನೂ ಉಣ್ಣುತ್ತಾರೆ. ಪೊಟ್ಟಣದ ಮೇಲಿನ ಸಾಲನ್ನು ಆಕೆ ತೆಗೆಸಿದ್ದಾರೆ.