ಮೈ ಬದಲಾದರೆ ಕೈಯೂ ಬದಲಾಗುತ್ತದೆ

ಬೆಂಗಳೂರಿನ ಮಾಲ್ ಒಂದರ ಆಟದ ಅಂಗಡಿಯಲ್ಲಿ ವಿಆರ್ ಹೆಡ್‌ಸೆಟ್ ಹಾಕಿಕೊಂಡೆ. ಎದುರಿನ ವರ್ಚುವಲ್ ಕನ್ನಡಿಯಲ್ಲಿ ಅಗಲ ಭುಜದ ಎತ್ತರದ ಆಳು. ನಾನು ಕೈಯೆತ್ತಿದರೆ ಅವನೂ ಎತ್ತುತ್ತಿದ್ದ. ಸ್ವಲ್ಪ ಹೊತ್ತಿಗೆ ಮಗಳ ದನಿ ಕೇಳಿಸಿತು: ‘ಯಾಕಪ್ಪಾ ಹೀಗೆ ಎದೆಯುಬ್ಬಿಸಿ ನಿಂತಿದ್ದೀಯ?’

ಅದಕ್ಕೆ ಉತ್ತರ ಹಳೆಯದೇ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್, ತೊಟ್ಟ ವರ್ಚುವಲ್ ಮೈಗೆ ತಕ್ಕಂತೆ ನಡವಳಿಕೆ ಬದಲಾಗುವುದನ್ನು ‘ಪ್ರೋಟಿಯಸ್ ಎಫೆಕ್ಟ್’ ಎಂದು ಕರೆದರು. ಅವರ ಪ್ರಯೋಗದಲ್ಲಿ ಎತ್ತರದ ಅವತಾರ, ಅಂದರೆ ವರ್ಚುವಲ್ ಮೈ, ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಪಟ್ಟು ಹಿಡಿದರು. ಕುಳ್ಳ ಅವತಾರದವರು ಅನ್ಯಾಯದ ಪಾಲಿಗೂ ಒಪ್ಪಿದರು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಬಾರ್ಸಿಲೋನಾದ ಡೋಲಿನ ಪ್ರಯೋಗ. 2013ರಲ್ಲಿ ಕಿಲ್ಟೆನಿ, ಬರ್ಗ್‌ಸ್ಟ್ರಾಮ್ ಮತ್ತು ಮೆಲ್ ಸ್ಲೇಟರ್ 36 ಮಂದಿ ಬಿಳಿಯರ ಮುಂದೆ ಪಶ್ಚಿಮ ಆಫ್ರಿಕದ ಜೆಂಬೆ ಇಟ್ಟರು. ಡೋಲು ನಿಜವಾದದ್ದು, ಬಾರಿಸುವ ಮೈ ಮಾತ್ರ ವರ್ಚುವಲ್. ಕೆಲವರಿಗೆ ಸೂಟು ತೊಟ್ಟ ಬಿಳಿ ಮೈ, ಕೆಲವರಿಗೆ ಸಾದಾ ಉಡುಪಿನ ಕಪ್ಪು ಮೈ. ಡೋಲಿನ ಚರ್ಮಕ್ಕೆ ಕೈ ತಾಗಿದ ಕ್ಷಣವೇ ಕಣ್ಣಿಗೂ ಆ ಪೆಟ್ಟು ಕಾಣುವುದರಿಂದ ಮಿದುಳು ಆ ಮೈಯನ್ನು ತನ್ನದೆಂದೇ ಒಪ್ಪಿಕೊಳ್ಳುತ್ತದೆ. ಸಾದಾ ಉಡುಪಿನವರ ಚಲನೆಯಲ್ಲಿ ವೈವಿಧ್ಯ ಹೆಚ್ಚಿತು, ಮೈ ಹೆಚ್ಚು ಕುಣಿಯಿತು. ಸೂಟಿನವರದು ಅಷ್ಟು ಬಿಚ್ಚಿಕೊಳ್ಳಲಿಲ್ಲ. ಮೈಗೆ ತಕ್ಕಂತೆ ಬಾರಿಸಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಎಷ್ಟು ಸಲ ಓದಿದರೂ ಈ ಫಲಿತಾಂಶ ನನಗೆ ಬೆರಗು, ಜೊತೆಗೆ ಇರಿಸುಮುರಿಸು. ಬಣ್ಣ, ಬಟ್ಟೆ ಎರಡೂ ಒಟ್ಟಿಗೇ ಬದಲಾಗಿದ್ದವು. ಕೈ ಬಿಚ್ಚಿಸಿದ್ದು ಯಾವುದು? ಬಣ್ಣವೇ ಆಗಿದ್ದರೆ, ಕಪ್ಪು ಮೈ ತಾಳ ಕಲಿಸಿದ್ದಲ್ಲ. ಕಪ್ಪು ಜನ ಹೀಗೆಯೇ ಎಂದು ನೋಡುವವನ ತಲೆಯಲ್ಲಿ ಮೊದಲೇ ಕೂತಿದ್ದ ನಂಬಿಕೆ ಕೈಗೆ ಇಳಿದದ್ದು.

2018ರಲ್ಲಿ ಸ್ಲೇಟರ್ ತಂಡವೇ ಯುವಕರಿಗೆ ಐನ್‌ಸ್ಟೈನ್ ಮೈ ಕೊಟ್ಟಿತು. ಆತ್ಮಗೌರವ ಕಡಿಮೆಯಿದ್ದವರು ಯೋಚನೆಯ ಪರೀಕ್ಷೆಯಲ್ಲಿ ಸುಧಾರಿಸಿದರು. ವೃದ್ಧರ ಬಗೆಗಿನ ಒಳಗಿನ ಪೂರ್ವಗ್ರಹವೂ ತಗ್ಗಿತು. ಭಾಗವಹಿಸಿದವರು ಬರೀ 30 ಮಂದಿ, ಹಾಗಾಗಿ ಇದನ್ನು ಬುದ್ಧಿ ಬೆಳೆಸುವ ಮದ್ದೆಂದು ಮಾರಲು ಹೊರಡುವವರನ್ನು ನಾನು ನಂಬಲಾರೆ. ಆದರೆ ತನ್ನ ಮೇಲೆ ತನಗೇ ಭರವಸೆಯಿಲ್ಲದ ಹುಡುಗನಿಗೆ ಇದು ದಕ್ಕಿತೆಂಬುದು ಸಣ್ಣ ಮಾತಲ್ಲ.

ಮಕ್ಕಳ ಪಾಠಕ್ಕೆ ವಿಆರ್ ಸಿದ್ಧಪಡಿಸುವವರು ಅವತಾರಗಳನ್ನು ಅಲಂಕಾರವೆಂದು ಕೊನೆಗೆ ಬಿಡಬಾರದು. ಯಾವ ಮಗುವಿಗೆ ಯಾವ ಮೈ ಸಿಗುತ್ತದೆ ಎಂಬುದನ್ನು ಪಾಠದಷ್ಟೇ ಎಚ್ಚರದಿಂದ ಆರಿಸಲಿ.