ಹೊಳಪು ಮೇಲೆ, ಹುಳುಕು ಒಳಗೆ

ಹಳೆಯ ಹಾಯಿದೋಣಿ ಕೊಂಡವರು ಮೊದಲು ಕೈ ಹಾಕುವುದು ಸಾಮಾನ್ಯವಾಗಿ ಡೆಕ್ಕಿನ ಮೇಲಿನ ಲೋಹದ ಸಾಮಾನಿಗೆ. ಹಗ್ಗ ಸುತ್ತಿ ಕಟ್ಟುವ ಕ್ಲೀಟು, ಹಾಯಿಯ ಹಗ್ಗ ಬಿಗಿಯುವ ವಿಂಚು, ಅಂಚಿನ ಕಂಬಿ ಎಲ್ಲವೂ ಕಣ್ಣಿಗೆ ಬೀಳುವಂಥವು. ಹೊಸದು ಹಾಕಿದರೆ ದೋಣಿಗೆ ಪ್ರಾಯ ಮರಳಿದಂತೆ ಕಾಣುತ್ತದೆ. ಆದರೆ ದುಡ್ಡೂ ಬೆವರೂ ಮೊದಲು ಸಲ್ಲಬೇಕಾದ್ದು ಆ ಸಾಮಾನು ಕೂರುವ ತೂತಿಗೆ.

ಕಾರಣ ಡೆಕ್ಕಿನ ಕಟ್ಟಣೆಯಲ್ಲೇ ಇದೆ. 1959ರಲ್ಲಿ ಅಮೆರಿಕದ ಪಿಯರ್ಸನ್ ಕಂಪನಿ ಕಾರ್ಲ್ ಆಲ್ಬರ್ಗ್ ವಿನ್ಯಾಸದ ‘ಟ್ರೈಟನ್’ ಎಂಬ ಸುಮಾರು 28 ಅಡಿಯ ಫೈಬರ್‌ಗ್ಲಾಸ್ ದೋಣಿಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲೂ ಆಮೇಲೆ ಬಂದ ಅನೇಕ ದೋಣಿಗಳಲ್ಲೂ ಡೆಕ್ಕೆಂದರೆ ಫೈಬರ್‌ಗ್ಲಾಸಿನ ಎರಡು ತೆಳು ಹಾಳೆ, ನಡುವೆ ಹಗುರವಾದ ಬಾಲ್ಸಾ ಮರ. ಒಣಗಿರುವಷ್ಟು ಕಾಲ ಇದು ಬಲು ಗಟ್ಟಿ. ಆದರೆ ಪ್ರತಿಯೊಂದು ಬೋಲ್ಟೂ ಮೂರೂ ಪದರಗಳನ್ನು ತೂರಿಕೊಂಡೇ ಇಳಿಯಬೇಕು. ಸುತ್ತಲಿನ ಸೀಲೆಂಟ್ ವರ್ಷಗಳುರುಳಿದಂತೆ ಒಣಗಿ ಬಿರಿಯುತ್ತದೆ, ನೀರು ಜಿನುಗುತ್ತದೆ. ಒಳಹೊಕ್ಕ ನೀರಿಗೆ ಹೊರದಾರಿಯಿಲ್ಲ. ಮರ ನೆನೆದ ರಸ್ಕಿನಂತಾಗುತ್ತದೆ. ಸೋರುತ್ತಿದೆಯೆಂದು ನಟ್ಟು ಬಿಗಿದರೆ ಮೆತ್ತಗಾದ ಡೆಕ್ಕು ಇನ್ನಷ್ಟು ಅಮುಕಿಹೋಗಿ, ಸೋರಿಕೆ ಹೆಚ್ಚುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟಿಗೆ ತುಕ್ಕು ಹಿಡಿಯದಲ್ಲ ಎನ್ನಬಹುದು. ಆ ಲೋಹವನ್ನು ಕಾಯುವುದು ಮೇಲ್ಮೈಯ ಕ್ರೋಮಿಯಂ ಆಕ್ಸೈಡಿನ ಪೊರೆ. ಪೊರೆ ಉಳಿಯಲು ಆಮ್ಲಜನಕ ಬೇಕು. ಉಪ್ಪುನೀರು ನಿಂತ, ಗಾಳಿಯಾಡದ ತೂತಿನಲ್ಲಿ ಪೊರೆ ಹರಿದು ಲೋಹ ಕೊರೆದುಹೋಗುತ್ತದೆ. ಸಮುದ್ರಕ್ಕೆ ಒಗ್ಗುವಂತೆ ಮಾಲಿಬ್ಡಿನಂ ಬೆರೆಸಿದ 316 ದರ್ಜೆಯ ಉಕ್ಕೂ ಇದಕ್ಕೆ ಹೊರತಲ್ಲ. ತಲೆ ಥಳಥಳಿಸುವ ಬೋಲ್ಟಿನ ಕತ್ತು ಅರ್ಧ ಸವೆದಿರಬಹುದು.

ಇಷ್ಟು ವರ್ಷ ತಡೆದದ್ದನ್ನು ಕೆಣಕುವುದೇಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯದು. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಡೆಕ್ಕು ಎಲ್ಲೆಡೆ ಟಣಕ್ಕೆಂದರೆ ಸದ್ಯಕ್ಕೆ ಬಿಟ್ಟುಬಿಡಬಹುದು. ಸದ್ದು ಮಂಕಾಗಿದ್ದರೆ ಮಾತ್ರ ಇದುವರೆಗಿನ ಬಾಳಿಕೆಯನ್ನು ನಂಬುವಂತಿಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 15 ನಾಟ್ ಗಾಳಿ 30 ಆದರೆ ಒತ್ತಡ ನಾಲ್ಕು ಪಟ್ಟು. ಲಂಗರಿನ ಹಗ್ಗ ಕಟ್ಟಿದ ಕ್ಲೀಟಿನ ನಿಜವಾದ ಪರೀಕ್ಷೆ ನಡೆಯುವುದು ಅಂಥ ಗಾಳಿಯ ರಾತ್ರಿ. ಹಗ್ಗವನ್ನು ತಾನೇ ಹಿಡಿದುಕೊಳ್ಳುವ ಸೆಲ್ಫ್‌-ಟೇಲಿಂಗ್ ವಿಂಚು ಒಂಟಿ ನಾವಿಕನಿಗೆ ವರವೇ, ನಿಜ. ಆದರೆ ದೊಡ್ಡ ವಿಂಚು ತಂದರೆ ಹಳೆಯ ತೂತಿನ ಮೇಲೆ ಇನ್ನೂ ದೊಡ್ಡ ಭಾರ ಹೊರಿಸಿದಂತೆಯೇ.

ಕೆಲಸ ಕಷ್ಟದ್ದಲ್ಲ, ರೇಜಿಗೆಯದು. ಸಾಮಾನು ಬಿಚ್ಚಿ, ತೂತು ಅಗಲಿಸಿ, ಸುತ್ತಲಿನ ಕೊಳೆತ ಮರ ಕೆರೆದು ತೆಗೆದು, ಉಳಿದದ್ದು ಪೂರ್ತಿ ಒಣಗಿದ ಮೇಲೆ ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಬೇಕು. ಅದು ಕಲ್ಲಾದ ಬಳಿಕ ನಡುವೆ ಹೊಸ ತೂತು. ಮುಂದೆ ನೀರು ಜಿನುಗಿದರೂ ಮರಕ್ಕೆ ತಾಗದು. ಡೆಕ್ಕಿನ ಅಡಿಗೆ ಬರಿಯ ವಾಷರು ಸಾಲದು. ಭಾರ ಹಂಚುವ ಅಗಲ ಪಟ್ಟಿಯೇ ಬೇಕು. ಸೀಲೆಂಟಿಗೆ ಬ್ಯುಟೈಲ್ ಟೇಪು ಒಳ್ಳೆಯದು, ವರ್ಷಗಟ್ಟಲೆ ಮೆದುವಾಗಿದ್ದು ಬಿಚ್ಚಲು ಬರುತ್ತದೆ. ಬಲವಾದ ಪಾಲಿಯುರೆಥೇನ್ ಅಂಟು ಬಳಸಿದರೆ ಮುಂದೊಮ್ಮೆ ಬಿಚ್ಚುವಾಗ ಡೆಕ್ಕಿನ ಮೇಲ್ಪದರವೇ ಕಿತ್ತು ಬಂದೀತು. ಕೂಲಿ ಕೊಟ್ಟು ಮಾಡಿಸಿದರೆ ದುಬಾರಿಯೇ. ಎಲ್ಲವನ್ನೂ ಒಮ್ಮೆಗೇ ಮಾಡಬೇಕೆಂದೇನಿಲ್ಲ. ಆರಂಭಕ್ಕೆ ಚೈನ್‌ಪ್ಲೇಟು ಸಾಕು: ಕೂವೆಮರವನ್ನು ಎಳೆದು ನಿಲ್ಲಿಸುವ ತಂತಿಗಳ ಬುಡ ಅಲ್ಲಿದೆ, ಅದು ಕಿತ್ತುಬಂದರೆ ಕೂವೆಮರವೇ ಉರುಳುತ್ತದೆ.